ನಮ್ಮ ಮೇಡಂ ಮತ್ತು ಬಿಂಬುಳಿ ರಸ

ಅವರಿಗೆ ನಮ್ಮ ಹೆಸರುಗಳು ನೆನಪಿರುತ್ತಿರಲಿಲ್ಲವೋ, ನೆನಪಿಟ್ಟುಕೊಳ್ಳುವ ಮನಸ್ಸೇ ಇರಲಿಲ್ಲವೋ, ಹೇಳಲಾರೆ. ತರಗತಿಯಲ್ಲಿ ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ಯಡ್ತರೆ. ನನ್ನ ಪಕ್ಕ ಕೂರುತ್ತಿದ್ದವಳು ಹೆಮ್ಮಾಡಿ. ಹಿಂದಿನ ಬೆಂಚಿನಲ್ಲಿ ಬೆಂಗಳೂರಿನ ಒಬ್ಬ ಹುಡುಗನಿದ್ದ. ಅಷ್ಟು ದೊಡ್ಡ ಊರನ್ನು ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ಅವನ ಬಡಾವಣೆ ಯಾವುದೆಂದು ಕೇಳಿ, ಅದನ್ನೇ ಇಟ್ಟರು. ಮುಂದೆ ನಾನು ಅವರ ಕೈಕೆಳಗೆ ಸಂಶೋಧನೆ ಮಾಡಿ, ಅದೇ ಕಾಲೇಜಿನಲ್ಲಿ ಪಾಠ ಹೇಳಲು ಸೇರಿ, ಅವರ ಪಕ್ಕದ ಮೇಜಿನಲ್ಲೇ ಕೂತರೂ ನನ್ನ ಹೆಸರು ಬದಲಾಗಲಿಲ್ಲ. ಈ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ನನ್ನನ್ನು ಯಡ್ತರೆ ಎಂದು ಕರೆಯುವವರು ಈಗ ಯಾರೂ ಇಲ್ಲ. ಮದುವೆಯಾಗಿ ಕುಂದಾಪುರಕ್ಕೆ ಬಂದಾಗಲೂ ಊರು ಬಿಟ್ಟೆ ಅಂತ ಅನಿಸಿರದ ನನಗೆ, ಅವತ್ತು ಹಾಗನ್ನಿಸಿತು.

ಬ್ರಹ್ಮಾವರದಿಂದ ಸ್ವಲ್ಪ ಒಳಗಿರುವ ಫಾರ್ಮಸಿ ಕಾಲೇಜು ನಮ್ಮದು. ಔಷಧ ದೇಹಕ್ಕೆ ಏನು ಮಾಡುತ್ತದೆ ಎಂಬುದು ಅವರು ಹೇಳಿಕೊಡುತ್ತಿದ್ದ ಪಾಠ. ಪಾಠ ಅವರ ಅರ್ಧ ಜೀವನವಾದರೆ ಇನ್ನರ್ಧ ಕಾಲೇಜಿನ ಹಿಂದಿನ ಇಲಿಮನೆಯಲ್ಲಿ. ನಮ್ಮ ಕಡೆಯ ಜನ ಕುಡಿಯುವ ಸೊಪ್ಪು, ತೊಗಟೆ, ಬೇರು, ಕಾಯಿಗಳ ಕಷಾಯವನ್ನೂ ಸಾರವನ್ನೂ ಇಲಿಗಳಿಗೆ ಕೊಟ್ಟು, ಅವುಗಳ ಕಿಡ್ನಿಗೆ ಏನಾದರೂ ಆಗುತ್ತದೆಯೇ ಎಂದು ನೋಡುವುದು ಅವರ ಕೆಲಸ. ಒಂದು ಗುಂಪಿಗೆ ಬರೀ ನೀರು, ಒಂದಕ್ಕೆ ಮನೆಗಳಲ್ಲಿ ಕುಡಿಯುವಷ್ಟೇ ತೆಳುವಾದ ಕಷಾಯ, ಇನ್ನೊಂದಕ್ಕೆ ಗಟ್ಟಿ ಸಾರ. ಕೆಳಗೆ ಆಲಿಕೆ ಕೂರಿಸಿದ ಪಂಜರದಲ್ಲಿ ಮೂತ್ರ ಹಿಡಿಯಬೇಕು. ರಕ್ತ ತೆಗೆದು ಕ್ರಿಯಾಟಿನಿನ್ ಏರಿದೆಯೇ ನೋಡಬೇಕು. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲೇ ಉಳಿದುಬಿಡುವ ಕಸ ಅದು. ಕೊನೆಗೆ ಕಿಡ್ನಿಯ ತೆಳ್ಳನೆಯ ಬಿಲ್ಲೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ನೋಯುವವರೆಗೆ ನೋಡಬೇಕು. ಹೇಳಿಕೊಂಡು ತಿರುಗುವಷ್ಟು ಚಂದದ ಕೆಲಸವಲ್ಲ. ನಾನು ಮನೆಗೆ ಬಂದರೆ ಅಮ್ಮ ಬಚ್ಚಲಿನ ದಾರಿ ತೋರಿಸಿದ ಮೇಲೆಯೇ ಮಾತಾಡಿಸುತ್ತಿದ್ದದ್ದು.

ಮೇಡಂ ಮಾತ್ರ ಇಲಿಗಳನ್ನು ಮುಟ್ಟುತ್ತಿರಲಿಲ್ಲ. ಗಾಜಿನ ಬಾಗಿಲಿನ ಆಚೆ ನಿಂತು, ಯಡ್ತರೆ, ಆ ಮೂಲೆಯದಕ್ಕೆ ನೀರು ಕಡಿಮೆಯಾಗಿದೆ ನೋಡು, ಎನ್ನುವರು. ಲೋಕವೆಲ್ಲ ಮಾಸ್ಕ್ ಹಾಕುವುದಕ್ಕೆ ಎಷ್ಟೋ ಮೊದಲೇ ಅವರು ಹಾಕುತ್ತಿದ್ದರು. ಕುದಿಸಿ ಆರಿಸಿದ ನೀರಿನ ಫ್ಲಾಸ್ಕ್ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಹೆಚ್ಚಿಟ್ಟ ಹಣ್ಣು ತಿನ್ನುತ್ತಿರಲಿಲ್ಲ, ಯಾರಿಗಾದರೂ ಶೀತವಾಗಿದ್ದರೆ ಅವರನ್ನು ಕಿಟಕಿಯ ಹೊರಗೆ ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಾವು ಅವರಿಗೆ ಮಡಿ ಮೇಡಂ ಎಂದು ಹೆಸರಿಟ್ಟಿದ್ದೆವು. ಮೀನಿನ ವ್ಯಾಪಾರದ ಮನೆಯಲ್ಲಿ ಹುಟ್ಟಿದವರಿಗೆ ಇಷ್ಟೊಂದು ಮಡಿ ಎಲ್ಲಿಂದ ಬಂತೆಂದು ನಗುತ್ತಿದ್ದೆವು.

ಆ ನಗು ಒಂದೇ ತರಗತಿಯಲ್ಲಿ ಇಳಿದುಹೋಯಿತು. ಕಿಡ್ನಿಯ ಪಾಠ ಶುರುಮಾಡುವ ದಿನ ಅವರು ಬೋರ್ಡಿನ ಮೇಲೆ ಅವರೆಕಾಳಿನಂಥ ಎರಡು ಚಿತ್ರ ಬರೆದು, ದೇವರು ಕೊಟ್ಟ ಎರಡೂ ನನ್ನ ಹತ್ತಿರ ಹಾಳಾಗಿವೆ, ಈಗ ಒಳಗಿರುವುದು ಬಾಡಿಗೆಯದು, ಯಜಮಾನರು ಕುಂಭಾಶಿಯಲ್ಲಿದ್ದಾರೆ, ಎಂದರು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಓದು ಮುಗಿಸುವ ವಯಸ್ಸಿನಲ್ಲಿ ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಗ ಮುಂಬೈಯ ಕ್ಯಾಂಟೀನಿನಲ್ಲಿದ್ದ ಅಣ್ಣ ಸುದ್ದಿ ಕೇಳಿದವರೇ ಬಸ್ಸು ಹತ್ತಿ ಬಂದು ತಮ್ಮದೊಂದನ್ನು ಕೊಟ್ಟರು. ಬೇರೆಯವರ ಕಿಡ್ನಿಯನ್ನು ದೇಹ ದೂಡಿಹಾಕದಿರಲಿ ಎಂದು ದಿನವೂ ನುಂಗುವ ಗುಳಿಗೆಗಳಿಂದ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಮಾಸ್ಕೂ ಫ್ಲಾಸ್ಕೂ ಅದಕ್ಕಾಗಿ. ಯಜಮಾನರು ಬಾಡಿಗೆ ಕೇಳುವುದಿಲ್ಲವಾ ಮೇಡಂ, ಎಂದು ಹೆಮ್ಮಾಡಿ ಕೇಳಿದಳು. ದಿನಾ ಕೇಳುತ್ತಾರೆ, ಊಟ ಮಾಡಿದೆಯಾ ಅಂತ, ಎಂದರು ಮೇಡಂ.

ಅವರ ಕಿಡ್ನಿ ಯಾಕೆ ಕೆಟ್ಟಿತು ಎಂಬುದು ಕಡೆಗೂ ಗೊತ್ತಾಗಲಿಲ್ಲ. ಚಿಕ್ಕಂದಿನಲ್ಲಿ ಮೈ ಬಾತದ್ದಕ್ಕೆ ಒಬ್ಬರು ಬೇರು ತೇದು ಕುಡಿಸಿದ್ದರು, ಇನ್ನೊಬ್ಬರು ಪುಡಿ ಕೊಟ್ಟಿದ್ದರು, ಅಂಗಡಿಯಿಂದ ನೋವಿನ ಗುಳಿಗೆಯೂ ಬಂದಿತ್ತು. ಅದರಿಂದಲೇ ಆಯಿತೆಂದು ಅವರು ಒಂದು ದಿನವೂ ಹೇಳಿದವರಲ್ಲ. ನಾನು ಏನೇನು ಕುಡಿದಿದ್ದೆ ಅಂತ ಒಬ್ಬರೂ ಕೇಳಲಿಲ್ಲ, ಅದಕ್ಕೇ ನಾನು ಎಲ್ಲರನ್ನೂ ಕೇಳುತ್ತೇನೆ, ಎನ್ನುತ್ತಿದ್ದರು.

ನಿಜವಾಗಿಯೂ ಎಲ್ಲರನ್ನೂ ಕೇಳುತ್ತಿದ್ದರು. ಬ್ರಹ್ಮಾವರದಿಂದ ಕುಂಭಾಶಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಮಡಿಲಲ್ಲಿ ಒಂದು ಸೊಪ್ಪಿನ ಕಟ್ಟು ಕಂಡರೆ ಮುಗಿಯಿತು. ಯಾರಿಗೆ, ಎಂತಕ್ಕೆ, ಎಷ್ಟು ನೀರಿಗೆ ಎಷ್ಟು ಸೊಪ್ಪು, ಎಷ್ಟು ದಿನ, ಬರೀ ಹೊಟ್ಟೆಗಾ ಉಂಡ ಮೇಲಾ. ಕೋಟ ದಾಟುವಷ್ಟರಲ್ಲಿ ಆ ಹೆಂಗಸು ತನ್ನ ಅತ್ತೆಯ ಮಂಡಿನೋವಿನವರೆಗೆ ಹೇಳಿ ಮುಗಿಸಿರುತ್ತಿದ್ದಳು. ಒಮ್ಮೆ ಮಾತಿನ ಭರದಲ್ಲಿ ಇಳಿಯುವುದೇ ಮರೆತಾಗ ಕಂಡಕ್ಟರ್ ಮುಂದಿನಿಂದ ಕೂಗಿದ, "ಹ್ವಾಯ್ ಮೇಡಮ್ಮೋರೆ, ಕುಂಭಾಶಿ ಬಂತ್. ಕಷಾಯ ನಾಳೆ ಕಾಸುವ." ಇಡೀ ಬಸ್ಸು ನಕ್ಕಿತು. ಮೇಡಂ ಒಂದು ಹಿಡಿ ಸೊಪ್ಪನ್ನು ಟಿಫಿನ್ ಚೀಲಕ್ಕೆ ತುರುಕಿಕೊಂಡು ನಗುತ್ತಲೇ ಇಳಿದರು. ಆ ಸೊಪ್ಪು ಮರುದಿನ ನನ್ನ ಮೇಜಿನ ಮೇಲಿತ್ತು.

ಗಿಡಮೂಲಿಕೆಯೆಂದರೆ ಅವರಿಗೆ ಅಸಡ್ಡೆ ಇತ್ತೆಂದು ತಿಳಿಯಬೇಡಿ. ನೆಲನೆಲ್ಲಿ ಕಂಡರೆ ಬಗ್ಗಿ ಮುಟ್ಟಿ ಮಾತಾಡಿಸುವಂತೆ ನೋಡುತ್ತಿದ್ದರು. ಎಂತ ಅಂತ ಕೇಳಬೇಡಿ, ಎಷ್ಟು ಅಂತ ಕೇಳಿ, ಎಂಬುದು ಅವರು ನಮಗೆ ಪದೇ ಪದೇ ಹೇಳುತ್ತಿದ್ದ ಮಾತು. ಒಂದು ಸಲ ಕುಂದಾಪುರದ ವ್ಯಾಪಾರಿಯೊಬ್ಬರು ತಮ್ಮ ಹೊಸ ಲೇಹವನ್ನು ಪರೀಕ್ಷೆಗೆ ತಂದರು. ಇಲಿಗಳಿಗೆ ಏನೂ ಆಗಲಿಲ್ಲ. ವ್ಯಾಪಾರಿಗೆ ಖುಷಿಯೋ ಖುಷಿ, ಅಡ್ಡ ಪರಿಣಾಮವೇ ಇಲ್ಲ ಎಂದು ಬರೆದುಕೊಡಿ, ಡಬ್ಬಿಯ ಮೇಲೆ ಹಾಕಿಸುತ್ತೇನೆ ಎಂದರು. ಇಷ್ಟು ಪ್ರಮಾಣದಲ್ಲಿ, ಇಷ್ಟು ದಿನ ಕೊಟ್ಟಾಗ, ಈ ಇಲಿಗಳ ಕಿಡ್ನಿಯಲ್ಲಿ ತೊಂದರೆ ಕಂಡಿಲ್ಲ, ಇಷ್ಟನ್ನೇ ಬರೆಯುತ್ತೇನೆ ಎಂದರು ಮೇಡಂ. ಅಷ್ಟುದ್ದ ಬರೆದರೆ ಲೇಹಕ್ಕಿಂತ ಡಬ್ಬಿ ದೊಡ್ಡದಾಗಬೇಕಲ್ಲ ಎಂದು ಆ ಮನುಷ್ಯ ಗೊಣಗಿದರು. ಹಾಗಾದರೆ ದೊಡ್ಡ ಡಬ್ಬಿ ಮಾಡಿಸಿ, ಎಂದರು ಇವರು. ವ್ಯಾಪಾರಿ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಇಷ್ಟು ಗಟ್ಟಿಯಾದ ಹೆಂಗಸು ಒಬ್ಬರ ಎದುರು ಮಾತ್ರ ಮೆತ್ತಗಾಗುತ್ತಿದ್ದರು. ಅದು ಅವರ ಅಣ್ಣ. ಮುಂಬೈ ಬಿಟ್ಟು ಬಂದ ಮೇಲೆ ಬಂದರಿನ ಮೀನಿನ ಹರಾಜಿನಲ್ಲಿ ಏಲಂ ಕೂಗುತ್ತಿದ್ದ, ದೊಡ್ಡ ದನಿಯ, ದೊಡ್ಡ ಮೀಸೆಯ ಮನುಷ್ಯ. ಮಾತಿನ ನಡುವೆ ಏಕ್‌ದಂ, ಬರಾಬರ್ ಎಂದು ಮುಂಬೈ ಇಣುಕುತ್ತಿತ್ತು. ಮೇಡಂ ಮದುವೆಯಾಗದೆ ಅಣ್ಣ ಅತ್ತಿಗೆಯ ಜೊತೆಗೇ ಇದ್ದರು. ಒಣಮೀನೆಂದರೆ ಅವರಿಗೆ ಪ್ರಾಣ, ಆದರೆ ಉಪ್ಪು ಆಗುತ್ತಿರಲಿಲ್ಲ. ಅಣ್ಣ ತಂಗಿಗಾಗಿ ಒಣಸಿಗಡಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಅದರಲ್ಲಿ ಸಿಗಡಿಯ ರುಚಿಯೇ ಉಳಿಯದ ಹಾಗೆ ಮಾಡಿ ಚಟ್ನಿ ಅರೆಸುತ್ತಿದ್ದರು. ಅದನ್ನು ಮೇಡಂ ಡಬ್ಬಿಯಲ್ಲಿ ತಂದು, ನನಗೆ ಒಂದು ಚಮಚ ಕೊಟ್ಟು, ಹೇಗಿದೆ ಅಂತ ಕೇಳಿ ನನ್ನ ಮುಖ ನೋಡುತ್ತಿದ್ದರು. ಚೆನ್ನಾಗಿದೆ ಎನ್ನದೆ ಉಪಾಯವಿರಲಿಲ್ಲ.

ಒಂದು ವರ್ಷ ನಮ್ಮ ಕಡೆ ಬಿಂಬುಳಿ ರಸದ ಹುಚ್ಚು ಹಿಡಿಯಿತು. ಬಿಂಬುಳಿ ಯಾರ ಹಿತ್ತಲಲ್ಲಿ ಇಲ್ಲ ಹೇಳಿ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ, ಬೆರಳುದ್ದದ ಹಸಿರು ಹುಳಿಕಾಯಿ. ಮೀನಿನ ಸಾರಿಗೆ ನಾಲ್ಕು ಬಿತ್ತು, ಉಪ್ಪಿನಕಾಯಿಗೆ ಒಂದಿಷ್ಟು ಹೋಯಿತು, ಉಳಿದದ್ದು ಬುಡದಲ್ಲಿ ಬಿದ್ದು ಕೊಳೆಯುತ್ತದೆ. ಹೀಗೆ ಪುಕ್ಕಟೆ ಹೋಗುವ ಕಾಯಿಯ ರಸ ಕುಡಿದರೆ ಕೊಲೆಸ್ಟರಾಲ್ ಕರಗುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟರು. ಜನ ಲೋಟಗಟ್ಟಲೆ ಕುಡಿಯತೊಡಗಿದರು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಮಾರುವ ಹೆಂಗಸೊಬ್ಬಳು ಮೇಡಂಗೆ ಇದನ್ನು ಹೇಳಿದ್ದೇ ತಡ, ಅವರು ಬುಟ್ಟಿ ತುಂಬ ಬಿಂಬುಳಿ ಹೊತ್ತುಕೊಂಡು ಕಾಲೇಜಿಗೆ ಬಂದರು. ಇದು ತುಂಬ ಹುಳಿ, ಕಿಡ್ನಿಯಲ್ಲಿ ಹರಳು ಕಟ್ಟಿಸುವ ಆಕ್ಸಲೇಟ್ ಇದರಲ್ಲಿ ಜಾಸ್ತಿ, ಸಾರಿಗೆ ಹಾಕುವುದು ಬೇರೆ, ಹಿಂಡಿ ಕುಡಿಯುವುದು ಬೇರೆ, ಬೇಗ ನೋಡಬೇಕು ಎಂದರು. ಎಂದಿನಂತೆ ಒಂದು ಗುಂಪಿಗೆ ನೀರು, ಒಂದಕ್ಕೆ ಸಾರಿನಲ್ಲಿರುವಷ್ಟು, ಒಂದಕ್ಕೆ ಗಟ್ಟಿ ರಸ ಕೊಡಲು ಶುರುಮಾಡಿದೆವು.

ಮೊದಲ ಸುತ್ತಿನ ರಕ್ತದಲ್ಲೇ ವ್ಯತ್ಯಾಸ ಕಂಡಿತು. ಸಾರಿನಷ್ಟು ಕುಡಿದ ಇಲಿಗಳು ನೀರು ಕುಡಿದವುಗಳ ಹಾಗೇ ಇದ್ದವು. ಗಟ್ಟಿ ರಸದವುಗಳಲ್ಲಿ ಕ್ರಿಯಾಟಿನಿನ್ ಮೇಲೇರಿತ್ತು. ಬಿಲ್ಲೆ ಮಾಡಿ ನೋಡಿದರೆ ಕಿಡ್ನಿಯ ಸಣ್ಣ ನಾಳಗಳ ಒಳಗೆ ಹರಳುಗಳು ಕೂತು ಬೆಳಕಿಗೆ ಮಿಣಮಿಣ ಹೊಳೆಯುತ್ತಿದ್ದವು. ಮೇಡಂ ತುಂಬ ಹೊತ್ತು ಕಣ್ಣು ತೆಗೆಯದೆ ನೋಡಿದರು. ಆಮೇಲೆ, ಇನ್ನೊಮ್ಮೆ ಮಾಡಿ ನೋಡುವ, ಅಲ್ಲಿಯವರೆಗೆ ಹೊರಗೆ ಬಾಯಿ ಬಿಡಬೇಡ ಎಂದರು. ಒಂದೇ ಸಲದ ಫಲಿತಾಂಶ ಹಿಡಿದು ಊರಿಗೆ ಡಂಗುರ ಸಾರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆಯೇ ಅವರ ಫೋನು ಬಂತು. ದನಿ ಬೇರೆಯಾಗಿತ್ತು. ಆ ಹರಳಿನ ಚಿತ್ರಗಳೆಲ್ಲ ನಿನ್ನ ಮೊಬೈಲಿನಲ್ಲಿವೆಯಲ್ಲ, ಮನೆಗೆ ಬಾ ಎಂದರು. ನಾನು ಹೋಗುವಾಗ ಅವರು ಹಿತ್ತಲಿನ ಬಿಂಬುಳಿ ಮರದ ಬುಡದಲ್ಲಿ ನಿಂತಿದ್ದರು. ಯಾವಾಗಲೂ ಕಾಯಿ ಕೊಳೆತು ಕಾಲಿಗೆ ಜಾರುತ್ತಿದ್ದ ಜಾಗ ಗುಡಿಸಿದಷ್ಟು ಚೊಕ್ಕವಾಗಿತ್ತು. ಕಾಂಡದ ಮೇಲೆ ಕೈಗೆ ಎಟಕುವವರೆಗೆ ಒಂದು ಕಾಯಿಯೂ ಇರಲಿಲ್ಲ. ಅನುಮಾನ ಬಂದು ಅತ್ತಿಗೆಯನ್ನು ಕೇಳಿದ್ದಕ್ಕೆ ಅವರು ಸೆರಗಿನ ತುದಿ ತಿರುಚುತ್ತಾ ಹೇಳಿಬಿಟ್ಟಿದ್ದರಂತೆ. ತಂಗಿ ಬೆಳಗಿನ ಬಸ್ಸಿಗೆ ಹೋದ ಮೇಲೆ ಅಣ್ಣ ಬಂದರಿನಿಂದ ಬಂದು, ಮಿಕ್ಸಿಯಲ್ಲಿ ಬಿಂಬುಳಿ ರುಬ್ಬಿ, ಸೋಸಿ, ಬರೀ ಹೊಟ್ಟೆಗೆ ಒಂದು ಲೋಟ ಕುಡಿಯುತ್ತಿದ್ದರು. ಡಾಕ್ಟರು ಕೊಲೆಸ್ಟರಾಲಿಗೆಂದು ಬರೆದುಕೊಟ್ಟ ಗುಳಿಗೆ ಕಪಾಟಿನಲ್ಲಿ ಹಾಗೇ ಇತ್ತು. ಆ ಮನುಷ್ಯನಿಗಿದ್ದದ್ದು ಒಂದೇ ಕಿಡ್ನಿ.

ಅವತ್ತು ಬಂದರಿಗೆ ರಜೆ. ಅಣ್ಣ ಅಡುಗೆಮನೆಯಲ್ಲಿದ್ದರು, ಮಿಕ್ಸಿ ತಿರುಗುತ್ತಿತ್ತು. ಗುಟ್ಟು ಹೇಗೂ ರಟ್ಟಾಯಿತಲ್ಲ ಎಂದು ಅವರು ಬಚ್ಚಿಡುವ ಗೋಜಿಗೂ ಹೋಗಲಿಲ್ಲ. ನನ್ನನ್ನು ನೋಡಿ, ಕೂತ್ಕೋ ಮಗಾ, ನಿಂಗೆ ಚಾ ಮಾಡ್ಸ್ತೆ ಎಂದರು. ಮೇಡಂ ತರಗತಿಯಲ್ಲಿ ಹೇಳುವ ಹಾಗೆ ಒಂದೊಂದಾಗಿ ಎಲ್ಲ ಹೇಳಿದರು. ಇಲಿಗಳ ರಕ್ತದ ಮಾತು ಹೇಳಿದರು, ಚಿತ್ರ ತೋರಿಸು ಎಂದು ನನಗೆ ಹೇಳಿದರು. ಅಣ್ಣ ಮೊಬೈಲನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ, ಮೂಗುತಿಯ ಹರಳಿನ ಹಾಗೆ ಚಂದವಿದೆ ಎಂದರು.

"ಹಿತ್ಲಂಗೆ ಆದ್ದ್ ಅಲ್ದಾ. ಹುಟ್ಟಿದಾರಭ್ಯ ಸಾರಿಗೆ ಹಾಕಿ ತಿಂದದ್ದ್. ನಿನ್ನ ಇಲಿ ಯಾವತ್ತ್ ಬಂಗ್ಡಿ ಸಾರ್ ಉಂಡಿತ್ತ್?"

ಸಾರಿಗೆ ಹಾಕಿದ್ದರಿಂದ ಏನೂ ಆಗುವುದಿಲ್ಲ, ಸಾರಿಗೆ ನಾಲ್ಕು, ಲೋಟಕ್ಕೆ ಒಂದು ಬುಟ್ಟಿ, ಅದೂ ದಿನಾ, ಬರೀ ಹೊಟ್ಟೆಗೆ ಎಂದು ಮೇಡಂ ಬಿಡಿಸಿ ಹೇಳಿದರು. ಗುಳಿಗೆಯನ್ನೇ ತಿನ್ನಿ ಎಂದು ಬೇಡಿಕೊಂಡರು. ಗುಳಿಗೆಯ ಮಾತು ಬಂದದ್ದೇ ಅಣ್ಣನ ಮುಖ ಗಂಟಿಕ್ಕಿತು.

"ನೀ ದಿನಾ ಗುಳ್ಗಿ ತಿಂಬುದ್ ಕಂಡ್ ಕಂಡ್ ನಂಗೆ ಸಾಕಾಯ್ತ್. ನಾನ್ ಒಬ್ಬನಾದ್ರೂ ಗುಳ್ಗಿ ಇಲ್ದೆ ಇರ್ತೆ."

ನನಗೆ ಆಗಷ್ಟೇ ಅರ್ಥವಾಯಿತು. ಆ ಮನುಷ್ಯನಿಗೆ ಬಿಂಬುಳಿಯ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಇಷ್ಟು ವರ್ಷ ತಂಗಿಯ ಪಕ್ಕದಲ್ಲಿ ಕೂತು ಅವಳು ಹಿಡಿ ಹಿಡಿ ಗುಳಿಗೆ ನುಂಗುವುದನ್ನು ನೋಡಿದವರಿಗೆ, ಗುಳಿಗೆಯೆಂದರೆ ಕಾಯಿಲೆಗಿಂತ ದೊಡ್ಡ ಹೆದರಿಕೆಯಾಗಿತ್ತು. ಇದು ತಂಗಿಗೂ ಗೊತ್ತಿತ್ತು. ನಮ್ಮ ಇಲಿಗಳ ಲೆಕ್ಕ, ಬಿಲ್ಲೆ, ಹರಳು ಎಲ್ಲ ಆ ಅಡುಗೆಮನೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದವು. ಅಣ್ಣ ರಸವನ್ನು ಲೋಟಕ್ಕೆ ಸೋಸಿಕೊಂಡರು. ಮಿಕ್ಸಿಯ ಜಾರಿನಲ್ಲಿ ಇನ್ನೂ ಉಳಿದಿತ್ತು.

ಮೇಡಂ ಎದ್ದು ಹೋಗಿ ತಟ್ಟೆಗಳ ಸಾಲಿನಿಂದ ಇನ್ನೊಂದು ಲೋಟ ತಂದರು. ಅಣ್ಣನ ಲೋಟದ ಪಕ್ಕ ಇಟ್ಟು, ಮುಖದ ಮಾಸ್ಕ್ ತೆಗೆದರು. ನನ್ನೆದುರು ಅವರು ಮಾಸ್ಕ್ ತೆಗೆದದ್ದು ಅಪರೂಪ.

"ನಂಗೂ ಕೊಡಿ, ಅಣ್ಣಯ್ಯ."

"ನಿಂಗ್ ಎಂತಕ್ಕೆ?"

"ಎರಡೂ ಕಿಡ್ನಿ ನಿಮ್ದೇ ಅಲ್ದಾ? ಒಂದಕ್ಕೆ ಕೊಟ್ಟ್ ಇನ್ನೊಂದಕ್ಕೆ ಕೊಡ್ದೆ ಇಪ್ಪುಕ್ ಆತ್ತಾ?"

ಅಣ್ಣ ನಕ್ಕುಬಿಡಲು ನೋಡಿದರು. ಆಗಲಿಲ್ಲ. ಮೇಡಂ ತಾವೇ ಜಾರಿಗೆ ಕೈಹಾಕಿ ಬಗ್ಗಿಸತೊಡಗಿದರು. ಅಣ್ಣ ಅವರ ಮಣಿಕಟ್ಟು ಹಿಡಿದರು. ಏಲಂ ಕೂಗಿ ಕೂಗಿ ಒಡೆದ ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

"ನಿಂಗ್ ಬ್ಯಾಡ."

"ಎಂತಕ್ಕೆ ಬ್ಯಾಡ?"

"ಹಾಳಾತ್ತ್."

ಹಾಳಾಗುತ್ತದೆ ಎಂದು ಬಾಯಿಂದ ಬಂದ ಮೇಲೆ ಅವರಿಗೇ ತಾವು ಏನು ಹೇಳಿದೆವೆಂದು ತಿಳಿಯಿತು. ಮೇಡಂ ಅಣ್ಣನ ಲೋಟದ ಕಡೆ ನೋಡಿದರು. ಅಣ್ಣ ಎರಡು ಲೋಟವನ್ನೂ ಜಾರನ್ನೂ ಎತ್ತಿಕೊಂಡು ಹೋಗಿ ಹಿಂದಿನ ಬಚ್ಚಲಿಗೆ ಸುರಿದು, ಅಲ್ಲೇ ತುಂಬ ಹೊತ್ತು ಪಾತ್ರೆ ತೊಳೆಯುತ್ತಾ ನಿಂತರು. ಒಳಗೆ ಮೇಡಂ ಗೋಡೆಗೆ ಒರಗಿ ಅಳುತ್ತಿದ್ದರು. ಅತ್ತಿಗೆ ನನಗೆ ಚಹಾ ತಂದುಕೊಟ್ಟು ತಾವೂ ಅಳುತ್ತಾ ಕೂತರು. ನಾನು ಆ ಚಹಾ ಹೇಗೆ ಕುಡಿದೆನೋ ದೇವರಿಗೇ ಗೊತ್ತು.

ಸೋಮವಾರ ಅಣ್ಣನ ರಕ್ತಪರೀಕ್ಷೆ. ಊರಿನವರ ವರದಿಗಳನ್ನೆಲ್ಲ ನಿಂತ ನಿಲುವಿನಲ್ಲೇ ಓದಿ ಹೇಳುತ್ತಿದ್ದ ಮೇಡಂಗೆ ಆ ಲಕೋಟೆ ಬಿಚ್ಚಲಾಗಲಿಲ್ಲ. ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ಕ್ರಿಯಾಟಿನಿನ್ ಏರಿತ್ತು, ಆದರೆ ಕೈಮೀರಿರಲಿಲ್ಲ. ಡಾಕ್ಟರು ಸರಿಯಾದ ಹೊತ್ತಿಗೆ ನಿಲ್ಲಿಸಿದ್ದೀರಿ ಎಂದರು. ಕೆಲವು ತಿಂಗಳಲ್ಲಿ ಅದು ಇಳಿದು ಮೊದಲಿನ ಜಾಗಕ್ಕೆ ಬಂತು. ಎರಡನೆಯ ಸುತ್ತಿನ ಇಲಿಗಳೂ ಮೊದಲಿನವುಗಳ ಮಾತನ್ನೇ ಹೇಳಿದವು. ಆಮೇಲೆ ಮೇಡಂ ಮೀನು ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ, ಬೈಂದೂರಿನ ಮಹಿಳಾ ಸಂಘದ ಸಭೆಗಳಲ್ಲಿ ಸಾರಿಗೆ ಹಾಕಿ, ಲೋಟಕ್ಕೆ ಹಾಕಬೇಡಿ ಎಂದು ಹೇಳುತ್ತಾ ತಿರುಗಿದರು. ಕೆಲವರು ಕೇಳಿದರು, ಕೆಲವರು ಔಷಧದ ಕಂಪನಿಯವರು ದುಡ್ಡು ಕೊಟ್ಟು ಹೇಳಿಸುತ್ತಿದ್ದಾರೆ ಎಂದರು. ಹಾಗೆ ಅಂದವರ ಮನೆಗೂ ಇವರು ಹೋದರು.

ಈ ಮಳೆಗಾಲದಲ್ಲಿ ಮೇಡಂಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು. ಕಿಡ್ನಿಯನ್ನು ಕಾಯುತ್ತಿದ್ದ ಗುಳಿಗೆಗಳು ದೇಹದ ಉಳಿದ ಬಾಗಿಲುಗಳನ್ನು ತೆರೆದಿಟ್ಟಿದ್ದವು. ಆಸ್ಪತ್ರೆಯಲ್ಲಿ ಕೊನೆಗೆ ನನ್ನನ್ನು ಕಂಡಾಗ, ಯಡ್ತರೆ, ಇಲಿಗಳಿಗೆ ನೀರಿಟ್ಟೆಯಾ ಎಂದು ಕೇಳಿದರು. ಆ ಕಿಡ್ನಿ ಮಾತ್ರ ಕಡೆಯ ದಿನದವರೆಗೂ ಸರಿಯಾಗಿಯೇ ಕೆಲಸ ಮಾಡಿತೆಂದು ಡಾಕ್ಟರು ಅಣ್ಣನಿಗೆ ಹೇಳಿದರಂತೆ. ಸಮಾಧಾನಕ್ಕೆ ಹೇಳಿದ ಮಾತು ಅದು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಕುಂಭಾಶಿಗೆ ಹೋದೆ. ಅಣ್ಣ ಜಗುಲಿಯಲ್ಲಿದ್ದರು, ಮೀಸೆ ಬೋಳಿಸಿ ಮುಖ ಗುರುತು ಸಿಗದ ಹಾಗಾಗಿತ್ತು. ಏನು ಹೇಳಬೇಕೆಂದು ತಿಳಿಯದೆ, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದೆ. ಎಲ್ಲರೂ ಹೇಳಿ ಸವೆದ ಮಾತು. ಅವರು ಸೊಂಟದ ಒಂದು ಬದಿಗೆ ಅಂಗೈ ಇಟ್ಟುಕೊಂಡರು.

"ನಂದ್ ಅವ್ಳೊಟ್ಟಿಗೆ ಹೋಯ್ತ್, ಮಗಾ. ಇದ್ ಅವ್ಳದ್ದ್. ಇದನ್ನ್ ಹಾಳ್ ಮಾಡುಕೆ ನಂಗೆ ಹಕ್ಕಿಲ್ಲೆ."

ಅತ್ತಿಗೆ ಒಳಗಿನಿಂದ ಕೊಲೆಸ್ಟರಾಲಿನ ಗುಳಿಗೆಯನ್ನೂ ನೀರನ್ನೂ ತಂದುಕೊಟ್ಟರು. ಅವರು ತಕರಾರಿಲ್ಲದೆ ನುಂಗಿದರು.